ಇಸ್ತ್ರಿಗೆ ಬಗ್ಗದ ಸುಕ್ಕು

ಮಷೀನು ನಡುಗುತ್ತ ನಡುಗುತ್ತ ಮತ್ತೆ ಗೋಡೆಯಿಂದ ಒಂದು ಗೇಣು ಮುಂದೆ ಬಂದುಬಿಟ್ಟಿದೆ, ಕೊನೆಯ ಸುತ್ತಿಗೆ ಬಂದರೆ ಸಾಕು, ಚಳಿಜ್ವರ ಬಂದವರ ಹಾಗೆ ಹಲ್ಲು ಕಟಕಟ ಅನ್ನಿಸುತ್ತದೆ, ಸೊಂಟದಿಂದ ಒಂದು ಸಲ ಒತ್ತಿದರೆ ಹಿಂದಕ್ಕೆ ಹೋಗುತ್ತದೆ, ಕೈಗೆ ಬಗ್ಗುವುದಿಲ್ಲ, ಸೊಂಟಕ್ಕೇ ಬಗ್ಗುವುದು, ಹೂಂ, ಹೋಗು, ನಿನ್ನ ಜಾಗ ಅದು — ಬಾಗಿಲು ತೆಗೆದರೆ ಮುಖಕ್ಕೆ ಒದ್ದೆ ಬಿಸಿ, ಸೋಪಿನ ವಾಸನೆ, ಬೆಡ್‌ಶೀಟುಗಳೆಲ್ಲ ಒಂದರ ಕುತ್ತಿಗೆ ಒಂದು ಹಿಡಿದುಕೊಂಡು ಜಗಳ ಆಡಿ ಸುಸ್ತಾಗಿ ಬಿದ್ದಿವೆ, ಬಿಡಿಸಬೇಕು, ಒದರಬೇಕು, ಎಣಿಸಬೇಕು, ಹನ್ನೆರಡು ಬಿಳಿ, ಎರಡು ನೀಲಿ ಅಂಚಿನವು, ಸೇರಿ ಹದಿನಾಲ್ಕು, ಈ ಮನೆಯಲ್ಲಿ ನಾವು ಹದಿನಾಲ್ಕು ಜನ, ಬುದ್ಧಿ ನಿಧಾನ ಅಂತ ಕಾಗದದಲ್ಲಿ ಬರೆಸಿಕೊಂಡು ಬಂದವರು, ನಾನು ಬಂದು ಹದಿನಾರು ವರ್ಷ, ಈಗ ನನಗೆ ನಲವತ್ತನಾಲ್ಕು, ಇಪ್ಪತ್ತರವರೆಗೆ ಎಣಿಕೆ ತಪ್ಪುವುದಿಲ್ಲ, ಇಪ್ಪತ್ತಾದ ಕೂಡಲೇ ಹಗ್ಗಕ್ಕೆ ಒಂದು ಕ್ಲಿಪ್ಪು ಸಿಕ್ಕಿಸಿ ಮತ್ತೆ ಒಂದರಿಂದ ಶುರು, ಹಾಗೆ ಎಷ್ಟು ಬೇಕಾದರೂ ಎಣಿಸಬಹುದು, ಕ್ಲಿಪ್ಪು ಮುಗಿಯುವವರೆಗೆ. ಕಿಟಕಿಯ ಪಕ್ಕದ ಮೊಳೆಗೆ ನನ್ನ ಕಾರ್ಡು ನೇತುಹಾಕಿದ್ದೇನೆ, ನನ್ನ ಫೋಟೊ, ಕೆಳಗೆ ದೊಡ್ಡ ಅಕ್ಷರ, ನಿಗಾ ಸಮಿತಿ, ಅದರ ಕೆಳಗೆ ಸದಸ್ಯೆ, ಸದಸ್ಯೆ ಅಂದರೆ ನಾನು, ಇಸ್ತ್ರಿ ಮಾಡುವಾಗ ಕೊರಳಲ್ಲಿ ಹಾಕಿಕೊಳ್ಳುವುದಿಲ್ಲ, ಒಂದು ಸಲ ಬಿಸಿ ತಾಗಿ ಒಂದು ಮೂಲೆ ಮುದುರಿಕೊಂಡಿತು, ಫೋಟೊಗೆ ಏನೂ ಆಗಲಿಲ್ಲ, ಪುಣ್ಯ, ಬೆವರು ಒರೆಸಿಕೊಂಡಾಗಲೆಲ್ಲ ಅದರ ಕಡೆ ಒಂದು ಸಲ ನೋಡುತ್ತೇನೆ, ಅದೂ ನನ್ನ ಕಡೆ ನೋಡುತ್ತದೆ, ಇಬ್ಬರಿಗೂ ನಾಚಿಕೆ ಇಲ್ಲ.

ಸಮಿತಿ ಮೊದಲೂ ಇತ್ತು, ಮೂರು ತಿಂಗಳಿಗೊಮ್ಮೆ ಬರುತ್ತಿದ್ದರು, ಇಲ್ಲಿ ನಮ್ಮನ್ನು ಸರಿಯಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಅಂತ ನೋಡಿಕೊಂಡು ಹೋಗುವವರು, ಅವರು ಬರುವ ದಿನ ಎಲ್ಲರಿಗಿಂತ ಮೊದಲು ನನಗೇ ಗೊತ್ತಾಗುತ್ತಿತ್ತು, ಹಿಂದಿನ ದಿನವೇ ಹೂವಿನ ಚಿತ್ರದ ಬೆಡ್‌ಶೀಟುಗಳು ಬೀರುವಿನಿಂದ ಇಳಿದು ಇಸ್ತ್ರಿಗೆ ಬರುತ್ತಿದ್ದವು, ಅವರು ಹೋದ ಮಾರನೆಯ ದಿನ ಮತ್ತೆ ಬೀರುವಿಗೆ, ಒಂದು ರಾತ್ರಿ ಮಾತ್ರ ನಾವೆಲ್ಲ ಹೂವಿನ ಮೇಲೆ ಮಲಗುವುದು, ಆಮೇಲೆ ಹೋದ ವರ್ಷ ಅಧ್ಯಕ್ಷೆ ಮೇಡಂ ಹೇಳಿದರು, ಇಲ್ಲೇ ಇರೋರು ಒಬ್ಬರು ಸಮಿತೀಲಿ ಇರ್ಬೇಕು, ಯಾರು ಅಂತ ಇಲ್ಲಿರೋರೇ ಹೇಳ್ಲಿ, ಐದು ಡಬ್ಬಿ ಇಟ್ಟರು, ಡಬ್ಬಿಗೊಂದು ಫೋಟೊ, ಕೈಗೊಂದು ಗುಂಡಿ ಕೊಟ್ಟರು, ಅಂಗಿಯ ಗುಂಡಿ, ನನ್ನ ಡಬ್ಬಿಯಲ್ಲಿ ಒಂಬತ್ತು ಗುಂಡಿ ಬಿದ್ದವು, ಹದಿನಾಲ್ಕರಲ್ಲಿ ಒಂಬತ್ತು, ಒಂದು ನಾನೇ ಹಾಕಿಕೊಂಡದ್ದು, ಅದನ್ನೇಕೆ ಮುಚ್ಚಿಡಲಿ. ಮ್ಯಾನೇಜರು ನಕ್ಕರು, ಇವಳಿಗೆ ಸರಿಯಾಗಿ ಓದೋಕೇ ಬರಲ್ಲ ಮೇಡಂ, ಅಂದರು, ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, ಓದೋಕೆ ನಮಗೆ ಬರತ್ತಲ್ಲ, ಇಲ್ಲಿ ಇರೋಕೆ ನಮಗೆ ಬರಲ್ಲ, ಅದು ಇವರಿಗೆ ಬರತ್ತೆ, ಅಂದರು, ನನಗೆ ಆಗ ಪೂರ್ತಿ ಅರ್ಥವಾಗಲಿಲ್ಲ, ಆದರೆ ಮ್ಯಾನೇಜರ ನಗು ಎಲ್ಲಿತ್ತೋ ಅಲ್ಲೇ ಒಣಗಿದ್ದು ಕಾಣಿಸಿತು, ಹಿಂಡದೆ ಒಣಹಾಕಿದ ಬಟ್ಟೆ ಹಾಗೆ. ನಿಗಾ ಅಂದ್ರೇನು ಅಂತ ಕೇಳಿದೆ, ಸಮಿತಿಯ ಡಾಕ್ಟರು ಹೇಳಿದರು, ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ತಿರೋದು, ನಾನು ಕೈಯಲ್ಲಿ ಕಣ್ಣು ಮುಚ್ಚಿಕೊಂಡೆ, ಉರಿಯಲ್ವಾ ಸಾರ್, ಎಲ್ಲರೂ ನಕ್ಕರು, ಅದು ಬೇರೆ ನಗು, ನಾನೂ ನಕ್ಕೆ. ಮೇಡಂ ನನ್ನ ಕೈಗೆ ಒಂದು ಕೆಂಪು ರಟ್ಟು ಕೊಟ್ಟರು, ಅರ್ಥ ಆಗದೇ ಇದ್ರೆ ಇದನ್ನ ಎತ್ತು, ನೀನು ಎತ್ತಿದ್ರೆ ಮಾತಾಡೋರು ನಿಲ್ಲಿಸ್ಬೇಕು, ಮತ್ತೆ ಹೇಳ್ಬೇಕು, ಅದು ನಿಯಮ, ಮೊದಲ ಸಭೆಯಲ್ಲೇ ಡಾಕ್ಟರು ನಿರ್ಬಂಧಕ ಕ್ರಮಗಳ ಪರಿಶೀಲನೆ ಅಂದರು, ರಟ್ಟು ಎತ್ತಿದೆ, ಅಂದ್ರೆ ನಿವಾಸಿಗಳ ಚಲನವಲನದ ಮೇಲೆ ಹೇರೋ ಅಂತಂದರು, ಇಳಿಸಿರಲೇ ಇಲ್ಲ, ಇನ್ನೂ ಮೇಲಕ್ಕೆ ಎತ್ತಿದೆ, ಅವರು ನೀರು ಕುಡಿದು, ಯಾರನ್ನಾದ್ರೂ ಕಟ್ಟಿಹಾಕ್ತಾರಾ, ಕೂಡಿಹಾಕ್ತಾರಾ ಅಂತ ನೋಡೋದಮ್ಮ, ಅಂದರು, ಹಾಗಂತ ಮೊದಲೇ ಹೇಳಬಾರದಾ, ರಟ್ಟು ಇಳಿಸಿದೆ, ಇಲ್ಲಿ ಅಂಥದ್ದೇನೂ ಇಲ್ಲ ಅಂದೆ, ಅವತ್ತು ಇರಲಿಲ್ಲ, ಅವತ್ತು ನಾನು ಹೇಳಿದ್ದು ಸುಳ್ಳಲ್ಲ.

ಇಸ್ತ್ರಿ ಕಾಯಲಿ, ಕೆಂಪು ದೀಪ ಆರಬೇಕು, ಅಲ್ಲಿಯವರೆಗೆ ಮುಟ್ಟಬಾರದು, ಇದನ್ನೆಲ್ಲ ಕಲಿಸಿದ್ದು ದೊಡ್ಡಕ್ಕ, ನನ್ನ ಸ್ವಂತ ಅಕ್ಕ ಅಲ್ಲ, ಇಲ್ಲಿ ನಮ್ಮನ್ನು ನೋಡಿಕೊಳ್ಳುವವಳು, ಎಲ್ಲರಿಗಿಂತ ಹಳಬಳು, ಅದಕ್ಕೇ ದೊಡ್ಡಕ್ಕ, ಅಮ್ಮ ಸತ್ತ ಮೇಲೆ ಒಂದು ಚೀಲ ಹಿಡಿದುಕೊಂಡು ನಾನು ಇಲ್ಲಿಗೆ ಬಂದಾಗ ಹನ್ನೊಂದು ದಿನ ಚೀಲ ಬಿಚ್ಚಲಿಲ್ಲವಂತೆ, ಹನ್ನೆರಡನೆಯ ದಿನ ಅವಳು ಪಕ್ಕದಲ್ಲಿ ಕೂತು ತನ್ನ ಚೀಲವನ್ನೇ ಬಿಚ್ಚಿ ಒಂದೊಂದೇ ಸಾಮಾನು ತೋರಿಸಿದಳು, ಬಾಚಣಿಗೆ, ಛತ್ರಿ, ತಲೆನೋವಿನ ಮಾತ್ರೆ, ನೋಡು ನನ್ನ ಹತ್ರ ಇಷ್ಟೇ ಇರೋದು, ನಿನ್ನ ಹತ್ರ ಏನಿದೆ, ಆಮೇಲೆ ನಾನೂ ಬಿಚ್ಚಿದೆ. ಇವಳ ಕೈಗೆ ಇಸ್ತ್ರಿ ಕೊಡ್ಬೇಡಿ, ಸುಟ್ಕೋತಾಳೆ, ಮನೆಗೇ ಬೆಂಕಿ ಇಡ್ತಾಳೆ, ಅಂತ ಮ್ಯಾನೇಜರು ಕೂಗಿದಾಗ, ನಾನು ಪಕ್ಕದಲ್ಲಿ ನಿಂತಿರ್ತೀನಿ ಸಾರ್, ಅಂದವಳು ಮೂರು ತಿಂಗಳು ನಿಂತಳು, ತನ್ನ ಕೆಲಸ ಮುಗಿದ ಮೇಲೆ, ಮನೆಗೆ ಹೋಗುವ ಬಸ್ಸು ಬಿಟ್ಟು, ಒಂದು ದಿನ ಇಸ್ತ್ರಿ ನನ್ನ ಕೈಜಾರಿ ಕಾಲ ಮೇಲೆ ಬೀಳುವುದರಲ್ಲಿತ್ತು, ಅವಳು ಬರಿಗೈಯಲ್ಲಿ ತಡೆದಳು, ಮುಂಗೈಯಲ್ಲಿ ಈಗಲೂ ಇದೆ ಕಲೆ, ಯಾರಾದರೂ ಕೇಳಿದರೆ ಒಲೆ ತಾಗಿತು ಅನ್ನುತ್ತಾಳೆ, ನನ್ನ ಹೆಸರು ಹೇಳುವುದಿಲ್ಲ. ಇಸ್ತ್ರಿ ರಾಣಿ ಅಂತ ಹೆಸರಿಟ್ಟದ್ದೂ ಅವಳೇ, ಏನಮ್ಮ ರಾಣಿ, ಇವತ್ತು ರಾಜ್ಯದಲ್ಲಿ ಎಲ್ಲ ಕ್ಷೇಮಾನಾ, ಅಂತ ಬಾಗಿಲಲ್ಲಿ ನಿಂತು ಕೇಳುತ್ತಾಳೆ, ಕೇಳುತ್ತಿದ್ದಳು — ಮೂರು ದಿನದಿಂದ ಕೇಳಿಲ್ಲ.

ಸುಕ್ಕು ನನಗೆ ಗೊತ್ತು, ಈ ಊರಲ್ಲಿ ನನ್ನಷ್ಟು ಸುಕ್ಕು ನೋಡಿದವರು ಯಾರೂ ಇಲ್ಲ, ಮಲಗಿ ಎದ್ದ ಸುಕ್ಕು ಒಂಥರಾ, ಒಣಗಿದ ಎಲೆಯ ಗೆರೆ ಹಾಗೆ ತೆಳ್ಳಗೆ ಹರಡಿಕೊಂಡಿರುತ್ತದೆ, ಕೂತು ಎದ್ದ ಸುಕ್ಕು ನಡುವಿನಲ್ಲಿ ಗುಡ್ಡೆಯಾಗಿರುತ್ತದೆ, ಅತ್ತವರ ತಲೆದಿಂಬಿನ ಕವರು ಒಂದು ಮೂಲೆಯಲ್ಲಿ ಗಟ್ಟಿ, ಮುಷ್ಟಿ ಹಿಡಿದು ಮಲಗುವವರದ್ದು ಅಂಚಿನಲ್ಲಿ ನಕ್ಷತ್ರ ನಕ್ಷತ್ರ, ಆದರೆ ನೀಲಿ ಅಂಚಿನದ್ದು ಒಂದು ಬಂತು, ಮೂಲೆಯಿಂದ ಮೂಲೆಗೆ ಹಗ್ಗದ ಹಾಗೆ ತಿರುಚಿದ್ದು, ಎರಡು ಕಡೆ ದಾರ ಹಿಗ್ಗಿ ಬಟ್ಟೆ ತೆಳ್ಳಗಾಗಿದೆ, ಅಲ್ಲಿ ಒತ್ತಿ ಒತ್ತಿ ಗಂಟು ಹಾಕಿದ ಗುರುತು, ಮಷೀನಿನ ಕಿತಾಪತಿ ಅಂದುಕೊಂಡೆ, ಅದಕ್ಕೆ ಎರಡು ಬೈದೆ, ಮಾರನೆಯ ವಾರ ಮತ್ತೆ ಬಂತು, ಮತ್ತೆ ನೀಲಿ ಅಂಚಿನದ್ದೇ, ಅದೂ ಬೆಳಗಿನ ಬುಟ್ಟಿಯಲ್ಲಲ್ಲ, ಸಂಜೆಯ ಬುಟ್ಟಿಯಲ್ಲಿ, ಮಧ್ಯಾಹ್ನ ಯಾರ ಹಾಸಿಗೆಯ ಬೆಡ್‌ಶೀಟೂ ತೆಗೆಯುವುದಿಲ್ಲವಲ್ಲ, ಇದು ಎಲ್ಲಿಂದ ಬರುತ್ತದೆ, ಇಸ್ತ್ರಿ ಎಷ್ಟು ಬಿಸಿ ಇಟ್ಟು ಒತ್ತಿದರೂ ಆ ಎರಡು ಜಾಗ ಹೋಗುವುದಿಲ್ಲ, ನೀರು ಚಿಮುಕಿಸಿ ಒತ್ತಿದರೂ ಇಲ್ಲ, ನನ್ನ ಕೈಯಲ್ಲಿ ಹೋಗದ ಸುಕ್ಕು ಅದೊಂದೇ, ನನಗೆ ಸಿಟ್ಟು ಬಂತು, ಮೊದಲು ಬಂದದ್ದು ಸಿಟ್ಟೇ, ನಿಜ ಹೇಳಬೇಕು, ಕನಿಕರ ಆಮೇಲೆ. ಮೂರನೆಯ ಸಲ ಬಂದ ಮಾರನೆಯ ದಿನ ಮಧ್ಯಾಹ್ನ ಊಟ ಆದ ಮೇಲೆ ನಾನು ಮಲಗಲಿಲ್ಲ, ಮಲಗುವ ಹೊತ್ತು ಅದು, ಟವೆಲ್ಲಿನ ಗಂಟು ಹೊತ್ತುಕೊಂಡು ಕೂರುವ ಕೋಣೆಗೆ ಹೋದೆ, ಯಾರಾದರೂ ಕೇಳಿದರೆ ಟವೆಲ್ಲು ಇಡೋಕೆ ಬಂದೆ ಅನ್ನುವುದು ಅಂತ ಮೊದಲೇ ಬಾಯಲ್ಲಿ ಹಿಡಿದುಕೊಂಡಿದ್ದೆ.

ಕಿಟಕಿಯ ಹತ್ತಿರ ಕುರ್ಚಿಯಲ್ಲಿ ತಾಳಣ್ಣ, ನಮ್ಮ ಹದಿನಾಲ್ಕರಲ್ಲಿ ಅವನೇ ಹಿರಿಯ, ಮಾತಿಲ್ಲ ಅವನಿಗೆ, ಎರಡು ಕೈ ಇವೆ, ಮೇಜು ಬಿಟ್ಟರೆ ಬಾಗಿಲು, ಬಾಗಿಲು ಬಿಟ್ಟರೆ ಬಕೆಟ್ಟು, ಏನು ಸಿಕ್ಕಿದರೂ ತಾಳ ಹಾಕುತ್ತಾನೆ, ಚಳಿ ಬಂದಾಗಿನಿಂದ ಮಧ್ಯಾಹ್ನ ಎದ್ದು ಗೇಟು ತೆಗೆದು ರಸ್ತೆಗೆ ಹೋಗುತ್ತಿದ್ದ, ಒಂದು ದಿನ ವ್ಯಾನಿನ ಬ್ರೇಕು ಕಿರ್ರೆಂದದ್ದು ಇಲ್ಲಿಯವರೆಗೆ ಕೇಳಿತ್ತು, ಈಗ ಕುರ್ಚಿಯಲ್ಲಿ, ಹೊಟ್ಟೆಯ ಮೇಲಿಂದ, ತೋಳುಗಳ ಮೇಲಿಂದ, ಕುರ್ಚಿಯ ಬೆನ್ನಿಗೆ, ನೀಲಿ ಅಂಚು, ತಿರುಚಿ, ಎರಡು ಗಂಟು, ತೋಳು ಆಡುತ್ತಿಲ್ಲ, ಬೆರಳು ಮಾತ್ರ ತೊಡೆಯ ಮೇಲೆ ಟಪ್ ಟಪ್ ಟಪ್ ಅನ್ನುತ್ತಿವೆ, ಸದ್ದಾಗುತ್ತಿಲ್ಲ, ಸದ್ದಿಲ್ಲದ ತಾಳ ನಾನು ನೋಡಿದ್ದು ಅದೇ ಮೊದಲು. ಒಳಗಿನಿಂದ ದೊಡ್ಡಕ್ಕ ಬಂದಳು, ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದರಲ್ಲಿ ತಟ್ಟೆ, ಆಚೆ ಕೋಣೆಯಲ್ಲಿ ಯಾರೋ ಅಳುತ್ತಿದ್ದಾರೆ, ಇನ್ಯಾರೋ ಕೂಗುತ್ತಿದ್ದಾರೆ, ನನ್ನನ್ನು ನೋಡಿ ನಿಂತಳು, ಏನು ರಾಣಿ, ಮಲಗಿಲ್ವಾ, ನನ್ನ ಬಾಯಿಂದ ಟವೆಲ್ಲಿನ ಮಾತು ಬರಲಿಲ್ಲ, ಅವಳೇ ಹೇಳಿದಳು, ಸ್ವಲ್ಪ ಹೊತ್ತಷ್ಟೇ ಕಣೆ, ಇವರೆಲ್ಲ ಮಲಗೋವರೆಗೆ, ರಸ್ತೆಗೆ ಹೋಗಿಬಿಡ್ತಾನೆ, ವ್ಯಾನು ಬಡಿದ್ರೆ ಏನು ಮಾಡ್ಲಿ ನಾನು, ನಂಗಿರೋದು ಎರಡೇ ಕೈ, ಆಮೇಲೆ ಹತ್ತಿರ ಬಂದು, ಯಾರಿಗೂ ಹೇಳ್ಬೇಡ, ಆಯ್ತಾ, ಅಂದಳು, ನಾನು ಆಯ್ತು ಅಂದೆ. ಅಂದುಬಿಟ್ಟೆ. ಹದಿನಾರು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದೇ.

ಹೊಟ್ಟೆಯಲ್ಲಿ ಇಟ್ಟುಕೊಂಡಿರಲು ನನಗೆ ಬರುವುದಿಲ್ಲ, ಮಾತು ಒಳಗಿದ್ದರೆ ಅನ್ನ ಹೋಗುವುದಿಲ್ಲ, ಭಾನುವಾರ ನನ್ನ ಸ್ವಂತ ಅಕ್ಕ ಬಂದಳು, ಅವಳಿಗೆ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ಟು ಕೊಡುವ ಕೆಲಸ, ಎಲ್ಲರ ಜೊತೆಗೂ ಕಿಂಡಿಯ ಆಚೆಯಿಂದ ಮಾತಾಡುವ ಹಾಗೆಯೇ ಮಾತಾಡುತ್ತಾಳೆ, ಬೇಗ ಹೇಳು, ಹಿಂದೆ ಜನ ಇದ್ದಾರೆ ಅನ್ನುವ ಹಾಗೆ, ಹೇಳಿದೆ ಅವಳಿಗೆ, ಕಟ್ಟಿದ್ದು, ಬೆರಳು, ಆಯ್ತು ಅಂದದ್ದು, ಎಲ್ಲ, ನಿನಗ್ಯಾಕೆ ಊರ ಉಸಾಬರಿ, ಅಂದಳು, ಸುಮ್ನೆ ಬಟ್ಟೆ ಮಡಿಚ್ಕೊಂಡು ಇರು, ನಾಳೆ ನಿನ್ನ ಇಲ್ಲಿಂದ ಕಳಿಸಿಬಿಟ್ರೆ ಎಲ್ಲಿಗೆ ಹೋಗ್ತೀಯೆ, ನಂದು ಎರಡು ಕೋಣೆ ಮನೆ, ನಿನ್ನ ಭಾವಂಗೆ ಬೆನ್ನು ನೋವು, ಅವರಮ್ಮ ಬೇರೆ ಹಾಲ್‌ನಲ್ಲಿ ಮಲಗ್ತಾರೆ, ಉಂಡ ಮನೆ ಜಂತೆ ಎಣಿಸಬಾರದು ಕಣೆ, ನಾನು ತಲೆಯೆತ್ತಿ ನೋಡಿದೆ, ಜಂತೆ ಎಲ್ಲಿದೆ ಅಕ್ಕ, ಇದು ಸಿಮೆಂಟಿನ ತಾರಸಿ, ಅವಳು ಹಣೆ ಚಚ್ಚಿಕೊಂಡಳು, ಗಾದೆ ಕಣೇ ಅದು, ಗಾದೆ, ಹೋಗುವಾಗ ನನ್ನ ಕೈ ಬಿಡಲಿಲ್ಲ, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡೂ ಬಿಡಲಿಲ್ಲ, ಕಂಡಕ್ಟರು ಬೈದ ಮೇಲೆ ಬಿಟ್ಟಳು. ಅವಳು ಹೋದ ಮೇಲೆ ಕೂತು ಯೋಚನೆ ಮಾಡಿದೆ, ನಿಧಾನ ಬುದ್ಧಿಯಲ್ಲಿ ಯೋಚನೆ ನಿಧಾನ ಬರುತ್ತದೆ, ಆದರೆ ಬರುತ್ತದೆ, ಬಂದದ್ದು ಮತ್ತೆ ಹೋಗುವುದಿಲ್ಲ, ದೊಡ್ಡಕ್ಕನಿಗೆ ಆಯ್ತು ಅಂದಿದ್ದೇನೆ, ಸರಿ, ಆದರೆ ಅದಕ್ಕೂ ಮೊದಲು ಒಂಬತ್ತು ಗುಂಡಿಗೆ ಆಯ್ತು ಅಂದಿದ್ದೇನೆ, ಅದರಲ್ಲಿ ಒಂದು ಗುಂಡಿ ತಾಳಣ್ಣನದು, ಡಬ್ಬಿಗೆ ಹಾಕುವ ಮೊದಲು ಅದರ ಮೇಲೂ ಅವನು ಉಗುರಿನಿಂದ ತಾಳ ಹಾಕಿದ್ದ, ಟಿಕ್ ಟಿಕ್, ನಾನು ಕೇಳಿಸಿಕೊಂಡಿದ್ದೆ.

ಸೋಮವಾರ ಸಭೆ, ಮೂರು ದಿನದ ಹಿಂದೆ, ಉದ್ದ ಮೇಜು, ನೀರಿನ ಲೋಟಗಳ ಮೇಲೆ ಮುಚ್ಚಳ, ಎದುರಿಗೆ ಅಧ್ಯಕ್ಷೆ ಮೇಡಂ, ಪಕ್ಕದಲ್ಲಿ ಡಾಕ್ಟರು, ಈ ಕಡೆ ನಾನು, ಮ್ಯಾನೇಜರು ಮತ್ತು ದೊಡ್ಡಕ್ಕ ಬಾಗಿಲ ಪಕ್ಕದ ಕುರ್ಚಿಗಳಲ್ಲಿ, ಸಮಿತಿ ಕೇಳಿದರೆ ಉತ್ತರ ಹೇಳಲು, ನನ್ನ ತೊಡೆಯ ಮೇಲೆ ಒಂದು ಕೈಚೀಲ, ಅದರೊಳಗೆ ನೀಲಿ ಅಂಚಿನದ್ದು, ಇಸ್ತ್ರಿ ಮಾಡದೆ ತಂದಿದ್ದೆ, ಹದಿನಾರು ವರ್ಷದಲ್ಲಿ ನಾನು ಇಸ್ತ್ರಿ ಇಲ್ಲದ ಬಟ್ಟೆಯನ್ನು ಈ ಇಸ್ತ್ರಿ ಕೋಣೆಯಿಂದ ಹೊರಗೆ ಒಯ್ದದ್ದು ಅದೇ ಮೊದಲು, ಅದಕ್ಕೇ ನಾಚಿಕೆಯಾಗುತ್ತಿತ್ತು, ಒಳಗೆ ಮಷೀನಿನ ಕೊನೆಯ ಸುತ್ತು, ನಾನೇ ಕುರ್ಚಿ ಸಮೇತ ಮುಂದೆ ಹೋಗಿಬಿಡುತ್ತೇನೇನೋ ಅನ್ನಿಸುತ್ತಿತ್ತು. ಡಾಕ್ಟರು ಕಾಗದ ಓದಿದರು, ನನಗೆ ಕೊಟ್ಟ ಕಾಗದದಲ್ಲಿ ಅದೇ ಮಾತಿಗೆ ಕುರ್ಚಿಯ ಚಿತ್ರ, ಬೀಗದ ಚಿತ್ರ, ಯಾರನ್ನಾದರೂ ಕಟ್ಟಿಹಾಕಲಾಗಿದೆಯೇ, ಇಲ್ಲ ಅಂದರು ಮ್ಯಾನೇಜರು, ಕೂಡಿಹಾಕಲಾಗಿದೆಯೇ, ಇಲ್ಲ, ಮಧ್ಯಾಹ್ನ ಎಷ್ಟು ಜನ ನೋಡ್ಕೋತಾರೆ, ಯಾವಾಗ್ಲೂ ಇಬ್ರು ಸಾರ್, ಡಾಕ್ಟರು ಪೆನ್ನು ಮುಚ್ಚಿದರು, ಆಗ ನಾನು ಕೆಂಪು ರಟ್ಟು ಎತ್ತಿದೆ. ಯಾವ ಮಾತು ಅರ್ಥ ಆಗ್ಲಿಲ್ಲಮ್ಮ, ಅಂತ ಮೇಡಂ ಕೇಳಿದರು. ಇಲ್ಲ ಅನ್ನೋದು, ಅಂದೆ. ನಾನು ಚೀಲದಿಂದ ಬೆಡ್‌ಶೀಟು ತೆಗೆದು ಮೇಜಿನ ಮೇಲೆ ಹರಡಿದೆ, ಲೋಟ ಸರಿಸಿ, ಅಂದೆ, ಡಾಕ್ಟರೇ ಸರಿಸಿದರು, ಇದು ಮಲಗಿದ ಸುಕ್ಕಲ್ಲ, ನೋಡಿ, ಮಲಗಿದ್ರೆ ಹೀಗಾಗಲ್ಲ, ಇದು ಇಲ್ಲಿಂದ ಇಲ್ಲಿಗೆ ತಿರುಚಿದ್ದು, ಇದು ಗಂಟು, ಇದು ಇನ್ನೊಂದು ಗಂಟು, ಇದರಲ್ಲಿ ಮಧ್ಯಾಹ್ನ ತಾಳಣ್ಣನ್ನ ಕುರ್ಚಿಗೆ ಕಟ್ತಾರೆ, ನಾನು ನೋಡಿದೀನಿ, ಅದಕ್ಕೂ ಮೊದಲು ತಿರುಚಿದ್ದು ನಂಗೆ ಸಿಕ್ಕಿದ್ದು ಮೂರು ಸಲ, ಅವನ ಬೆರಳು ಮಾತ್ರ ಆಡ್ತಿತ್ತು. ಅಷ್ಟನ್ನೂ ನಿಂತುಕೊಂಡೇ ಹೇಳಿದೆ.

ಮ್ಯಾನೇಜರು ಎದ್ದೇಬಿಟ್ಟರು, ಇವಳ ಮಾತು ಕಟ್ಕೊಂಡು ಏನು ಮೇಡಂ, ಇವಳಿಗೆ ನಿನ್ನೆ ಯಾವುದು ನಾಳೆ ಯಾವುದು ಗೊತ್ತಾಗಲ್ಲ, ಅಂದರು, ಅದು ಅರ್ಧ ನಿಜ, ಹೋದ ವರ್ಷ ಮತ್ತು ಅದರ ಹಿಂದಿನ ವರ್ಷ ನನಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆದರೆ ಸುಕ್ಕು ಅಂಟಿಕೊಳ್ಳುವುದಿಲ್ಲ, ಹಾಗಂತ ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ದೊಡ್ಡಕ್ಕ ಬಾಗಿಲ ಪಕ್ಕದಿಂದ ಎದ್ದು ಮೇಜಿನ ಹತ್ತಿರ ಬಂದಳು, ಅವಳು ಹೇಳಿದ್ದು ನಿಜ, ಅಂದಳು, ಕಟ್ಟಿದ್ದು ನಾನೇ. ಹೇಳಿದವಳು ಅಲ್ಲೇ ನಿಂತಳು, ಯಾರ ಮುಖವನ್ನೂ ನೋಡಲಿಲ್ಲ, ನನ್ನದನ್ನೂ, ಅವಳ ಕೈ ಬೆಡ್‌ಶೀಟಿನ ಮೇಲೆ ಇಳಿಯಿತು, ಅಂಗೈ, ಗಂಟಿನ ಗುರುತಿನ ಮೇಲೆ, ಸವರಿತು, ಮತ್ತೆ ಸವರಿತು, ಅವಳಿಗೆ ಗೊತ್ತೇ ಇಲ್ಲ ತನ್ನ ಕೈ ಏನು ಮಾಡುತ್ತಿದೆ ಅಂತ — ಆ ಅಂಗೈ — ಬೇಡ, ಈಗ ಅದು ಬೇಡ, ಮ್ಯಾನೇಜರು ಆಡಿದ ಮಾತು ಮುಖ್ಯ, ಅವರು ಕೂಡಲೇ ರಾಗ ಬದಲಿಸಿದರು, ಛೆ ಛೆ, ಎಂಥ ಕೆಲಸ ಮೇಡಂ, ನನಗೆ ಗೊತ್ತೇ ಇರಲಿಲ್ಲ, ಈ ಒಬ್ಬಳಿಂದ ಎಲ್ಲರಿಗೂ ಕೆಟ್ಟ ಹೆಸರು, ಇವತ್ತೇ ಕೆಲಸದಿಂದ ತೆಗೀತೀನಿ, ಅಂದರು, ಎಷ್ಟು ಬೇಗ ಅಂದರೆ ಮೇಡಂ ತಲೆ ಆಡಿಸುವುದರಲ್ಲಿದ್ದರು, ಡಾಕ್ಟರು ಪೆನ್ನು ಬಿಚ್ಚಿದ್ದರು, ನಾನು ಮತ್ತೆ ರಟ್ಟು ಎತ್ತಿದೆ, ಈ ಸಲ ಎರಡು ಕೈಯಲ್ಲಿ.

ಇದು ಯಾರೂ ಹೇಳಿಕೊಟ್ಟದ್ದಲ್ಲ, ಅಲ್ಲೇ ಆ ಕ್ಷಣದಲ್ಲೇ ನನ್ನ ತಲೆಗೆ ಬಂದದ್ದು, ನನ್ನ ಸ್ವಂತ ತಲೆಗೆ, ಇಬ್ರು ಅಂದ್ರಲ್ಲ, ಅದು ಅರ್ಥ ಆಗ್ಲಿಲ್ಲ, ಅಂದೆ, ಬೆಳಿಗ್ಗೆಯವರಿಗೆ ಹಳದಿ ಏಪ್ರನ್, ಮಧ್ಯಾಹ್ನದವರಿಗೆ ಹಸಿರು, ದಿನಾ ನಾನೇ ಒಗೆಯೋದು, ಮೊದಲು ಹಸಿರು ಎರಡು ಬರ್ತಿತ್ತು, ಚಳಿಗೆ ಕಂಬಳಿ ತೆಗೆದಾಗಿನಿಂದ ಒಂದೇ ಬರೋದು, ಈಗ ಕಂಬಳಿ ಒಗೆದು ಒಳಗಿಟ್ಟೂ ಆಯ್ತು, ಇನ್ನೂ ಒಂದೇ, ಇನ್ನೊಬ್ರು ಇದ್ರೆ ಅವರ ಏಪ್ರನ್ ಎಲ್ಲಿ, ಒಗೆಯೋದೇ ಇಲ್ವಾ ಅವರು. ಡಾಕ್ಟರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ಮ್ಯಾನೇಜರ ಕಡೆ ನೋಡಿದರು, ಮೇಡಂ ದೊಡ್ಡಕ್ಕನನ್ನು ಕೇಳಿದರು, ಮಧ್ಯಾಹ್ನ ನೀವೊಬ್ರೇನಾ, ಒಬ್ಬಳೇ ಮೇಡಂ, ಹದಿನಾಲ್ಕು ಜನಕ್ಕೆ, ಇನ್ನೊಬ್ಬಳು ಚಳಿಗಾಲದಲ್ಲೇ ಬಿಟ್ಟು ಹೋದ್ಲು, ಜನ ಕೊಡಿ ಅಂತ ಕೇಳಿಲ್ವಾ, ಕೇಳಿದೆ, ಮೂರು ಸಲ, ನೋಡೋಣ ಅಂದ್ರು, ಆಮೇಲೆ ಅವಳು ಒಂದು ಮಾತು ಹೇಳಿದಳು, ಆದ್ರೂ ಕಟ್ಟಿದ್ದು ತಪ್ಪೇ ಮೇಡಂ, ಕೈ ನಂದೇ ಅಲ್ವಾ, ಹೇಳುವಾಗಲೂ ಆ ಕೈ ಬೆಡ್‌ಶೀಟಿನ ಮೇಲೆಯೇ, ಸವರುತ್ತಲೇ, ನನಗೆ ಅಳು ಬಂತು, ಹೆಮ್ಮೆಯೂ ಬಂತು, ನನ್ನ ಮೇಲೂ, ಅವಳ ಮೇಲೂ, ಯಾವುದು ಎಷ್ಟು ಅಂತ ಎಣಿಸಲಾಗಲಿಲ್ಲ, ಅದಕ್ಕೆ ಕ್ಲಿಪ್ಪು ಸಾಲುವುದಿಲ್ಲ.

ತೀರ್ಮಾನವನ್ನು ಮೇಡಂ ಜೋರಾಗಿ ಓದಿದರು, ನಿಧಾನವಾಗಿ, ನನಗೋಸ್ಕರ, ಯಾರನ್ನೂ ಯಾವ ಕಾರಣಕ್ಕೂ ಕಟ್ಟಕೂಡದು, ನಾಳೆಯಿಂದಲೇ ಮಧ್ಯಾಹ್ನ ಇಬ್ಬರು ಇರಬೇಕು, ಸಮಿತಿಗೆ ಸುಳ್ಳು ಹೇಳಿದ್ದಕ್ಕೆ ಮ್ಯಾನೇಜರು ಮೇಲಿನವರಿಗೆ ಉತ್ತರ ಕೊಡಬೇಕು, ದೊಡ್ಡಕ್ಕ ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಬೇಕು, ಅವಳು ಜನ ಕೇಳಿದ್ದೂ ಕಟ್ಟಿದ್ದೂ ಎರಡೂ ಕಾಗದದಲ್ಲಿ ಬರೆಯಬೇಕು, ಇನ್ನು ಮುಂದೆ ನಾವು ಹೇಳದೆ ಕೇಳದೆ ಬರ್ತೀವಿ, ಹೂವಿನ ಬೆಡ್‌ಶೀಟು ಇಳಿಸೋಕೆ ಟೈಮ್ ಸಿಗಲ್ಲ, ಅಂದು ನನ್ನ ಕಡೆ ನೋಡಿದರು, ಹೂವಿನದನ್ನು ನಾನೇ ಹೇಳಿದ್ದೆ ಅವರಿಗೆ. ಆಮೇಲೆ ಅವರು ಮಾಡಿದ್ದು ಯಾರೂ ಎಂದೂ ಮಾಡಿರಲಿಲ್ಲ, ನೇರ ತಾಳಣ್ಣನ ಹತ್ತಿರ ಹೋಗಿ ನೆಲದ ಮೇಲೆ ಕೂತರು, ಗೇಟಿಂದ ಆಚೆ ಯಾಕೆ ಹೋಗ್ತೀರಣ್ಣ, ಅಂತ ಕೇಳಿದರು, ಅವನು ಎದ್ದು ಅವರ ಕೈ ಹಿಡಿದು ಎಳೆದ, ಗೇಟು ದಾಟಿದ, ರಸ್ತೆಯ ಅಂಚಿಗೆ ಬಂದಾಗ ಮೇಡಂ ನಿಲ್ಲಿಸಿದರೆ ನಿಂತ, ವ್ಯಾನು ಹೋಗಲು ಬಿಟ್ಟ, ನಾನೂ ಡಾಕ್ಟರೂ ಹಿಂದೆ, ಎದುರಿಗೆ ಸೈಕಲ್ ರಿಪೇರಿ ಅಂಗಡಿ, ಮಧ್ಯಾಹ್ನ ಊಟಕ್ಕೆ ಅಂತ ಶಟರು ಎಳೆದಿರುತ್ತಾನೆ ಅಂಗಡಿಯವನು, ತಾಳಣ್ಣ ಶಟರಿನ ಮುಂದೆ ನಿಂತು ಎರಡೂ ಕೈ ಎತ್ತಿ — ಅಯ್ಯೋ, ಆ ಸದ್ದು, ಮೇಜಿನಲ್ಲೂ ಬಾಗಿಲಲ್ಲೂ ಬಕೆಟ್ಟಿನಲ್ಲೂ ಇಲ್ಲದ ಸದ್ದು, ಮೇಲೆ ಹೊಡೆದರೆ ಒಂದು, ಕೆಳಗೆ ಹೊಡೆದರೆ ಒಂದು, ಉದ್ದಕ್ಕೂ ಸವರಿದರೆ ಗುಡುಗು, ಅವನು ಓಡಿಹೋಗುತ್ತಿರಲಿಲ್ಲ, ಇದಕ್ಕೆ ಹೋಗುತ್ತಿದ್ದ, ಮೊದಲೇ ಯಾರಾದರೂ ಕೇಳಿದ್ದರೆ ತೋರಿಸುತ್ತಿದ್ದ, ನಾನೂ ಕೇಳಿರಲಿಲ್ಲ, ಅದೂ ನಿಜ. ಅಂಗಡಿಯವನು ಪಕ್ಕದ ಬಾಗಿಲಿನಿಂದ ಬಾಯಿ ಒರೆಸಿಕೊಳ್ಳುತ್ತ ಬಂದು ನೋಡಿ ಮೇಡಂಗೆ ಹೇಳಿದ, ಒಳಗೆ ನಾನು ತಟ್ಟೆ ಬಿಟ್ಟು ಎದ್ದೆ, ಯಾರೋ ಬಾಗಿಲು ಒಡೀತಾರೆ ಅಂತ, ಒಡೆಯೋದಲ್ಲ ಇದು, ಬಾರಿಸೋದು, ದಿನಾ ಊಟದ ಹೊತ್ತಲ್ಲಿ ಹತ್ತು ನಿಮಿಷ ಬಾರಿಸ್ಲಿ ಬಿಡಿ, ನಂಗೂ ಅನ್ನ ಇಳಿಯತ್ತೆ, ಅಂದ.

ನಿನ್ನೆ ಅಕ್ಕ ಫೋನು ಮಾಡಿದಳು, ಮೇಡಂ ಅವಳಿಗೆ ಹೇಳಿದರಂತೆ, ಮೊದಲು ಮೂಗು ಎಳೆದುಕೊಳ್ಳುವ ಸದ್ದು, ಆಮೇಲೆ, ಕಿಂಡಿ ಹತ್ರ ಕ್ಯೂನಲ್ಲಿ ಇದ್ದವರಿಗೆಲ್ಲ ಹೇಳಿದೆ ಕಣೆ, ನನ್ನ ತಂಗಿ ಹೀಗ್ಹೀಗೆ ಅಂತ, ಒಬ್ಬರು ರೈಲು ತಪ್ಪಿಸ್ಕೊಂಡು ನನ್ನ ಬೈದ್ರು, ಬೈಲಿ, ಅಂದಳು, ಜಂತೆ ಎಣಿಸಿದ್ದು ಒಳ್ಳೇದಾಯ್ತು ಬಿಡು, ಜಂತೆ ಇಲ್ಲ ಅಕ್ಕ, ಅಂದೆ, ಇಬ್ಬರೂ ನಕ್ಕೆವು. ಇವತ್ತು ಬುಟ್ಟಿಯಲ್ಲಿ ಹಸಿರು ಏಪ್ರನ್ ಎರಡಿವೆ, ಎರಡನ್ನೂ ಪಕ್ಕಪಕ್ಕ ನೇತುಹಾಕಿ ದೂರ ನಿಂತು ನೋಡಿದೆ, ಇದು ನಾನು ಮಾಡಿದ್ದು, ಈ ಎರಡನೆಯ ಏಪ್ರನ್ ನಾನು ಮಾಡಿದ್ದು, ಹೊಲಿದವರು ಯಾರೇ ಇರಲಿ, ಸದಸ್ಯೆ ಅಂದರೆ ಇದು, ಕಾರ್ಡಿನಲ್ಲಿ ಫೋಟೊದವಳೂ ಒಪ್ಪುತ್ತಾಳೆ. ದೊಡ್ಡಕ್ಕನಿಗೆ ಮೇಡಂ ಕೈಯಲ್ಲಿ ಒಂದು ಕಾಗದ ಕಳಿಸಿದ್ದೇನೆ, ನಾನೇ ಬರೆದದ್ದು, ರಾಜ್ಯದಲ್ಲಿ ಎಲ್ಲ ಕ್ಷೇಮ ಅಂತ, ಕ್ಷ ಬರಲಿಲ್ಲ, ಜಾಗ ಬಿಟ್ಟಿದ್ದೇನೆ, ಅವಳಿಗೆ ಗೊತ್ತಾಗುತ್ತದೆ, ಉತ್ತರ ಬಂದಿಲ್ಲ, ಬರಬಹುದು, ಬರದೇ ಇರಬಹುದು, ಹೇಳಿದ್ದು ತಪ್ಪು ಅಂತ ಒಂದು ಸಲವೂ ಅನ್ನಿಸಿಲ್ಲ, ನಾಳೆ ಮತ್ತೆ ಕಟ್ಟಿದರೆ ನಾಳೆ ಮತ್ತೆ ಹೇಳುತ್ತೇನೆ, ಯಾರು ಕಟ್ಟಿದರೂ — ಕಿಟಕಿಯಾಚೆ ಶುರುವಾಯಿತು, ಊಟದ ಹೊತ್ತು, ಶಟರಿನ ಮೇಲೆ ಎರಡೂ ಕೈ, ಮೇಲೆ ಒಂದು, ಕೆಳಗೆ ಒಂದು, ಇಸ್ತ್ರಿಯ ದೀಪ ಆರಿದೆ, ಬಿಸಿಯಾಗಿದೆ, ಇನ್ನು ನೀಲಿ ಅಂಚಿನದ್ದು ಒಂದೇ ಬಾಕಿ, ಮೇಡಂ ವಾಪಸ್ಸು ಕೊಟ್ಟದ್ದು, ಹಾಸುತ್ತೇನೆ, ಎಳೆಯುತ್ತೇನೆ, ಎರಡು ಜಾಗ ಅಲ್ಲೇ ಇವೆ, ಇಸ್ತ್ರಿ ಎತ್ತುತ್ತೇನೆ, ಇಳಿಸಬೇಕು, ಅಲ್ಲಿ ಕೈ ಇದೆ, ಅಂಗೈ, ದೊಡ್ಡಕ್ಕನದು, ಸೋಮವಾರ ಮೇಜಿನ ಮೇಲಿದ್ದ ಹಾಗೆಯೇ, ಮುಖ ತಗ್ಗಿಸಿಕೊಂಡು, ಗಂಟಿನ ಗುರುತಿನ ಮೇಲೆ, ಸವರುತ್ತಿದೆ, ಹೋಗುತ್ತಿಲ್ಲ, ಸವರುತ್ತಿದೆ, ಹೋಗುತ್ತಿಲ್ಲ, ಸವರುತ್ತಿದೆ —